ಅಕ್ಕ ಕಳಿಸಿದ ಬೆಳಗುಗಳು

ಪರದೇಶಕ್ಕೆ ಹೋಗಿ ಬಂದವರು ಪ್ರವಾಸ ಕಥನ ಬರೆಯುತ್ತಾರೆ. ನನ್ನ ಹತ್ತಿರ ಪಾಸ್‌ಪೋರ್ಟೇ ಇಲ್ಲ. ಗದಗಿನಲ್ಲಿ ಹುಟ್ಟಿ, ಗದಗಿನಲ್ಲೇ ಮೂವತ್ನಾಲ್ಕು ವರ್ಷ ಫೋಟೊ ಸ್ಟುಡಿಯೋ ನಡೆಸಿ, ಹೋದ ವರ್ಷ ಅದರ ಶಟರ್ ಎಳೆದು ಕೀಲಿ ಹಾಕಿದವನು ನಾನು. ಊರ ಜನರನ್ನು ಹಿಮಾಲಯದ ಪರದೆ, ತಾಜಮಹಲಿನ ಪರದೆ, ಸ್ವಿಟ್ಜರ್ಲೆಂಡಿನ ಪರದೆಗಳ ಮುಂದೆ ನಿಲ್ಲಿಸಿ "ಸ್ವಲ್ಪ ನಗರಿ" ಎಂದವನು. ಸ್ವತಃ ಹುಬ್ಬಳ್ಳಿ ದಾಟಿ ಹೋದದ್ದು ಬೆರಳೆಣಿಕೆಯಷ್ಟು ಸಲ. ಆದ್ದರಿಂದ ನನಗೆ ಭಾಷೆ ಬಾರದ, ಅಕ್ಷರ ಮಾತ್ರ ನಮ್ಮದರ ಹಾಗೆ ಕಾಣುವ ಊರೊಂದರಲ್ಲಿ ಒಂಬತ್ತು ದಿನ ಇದ್ದು ಬಂದದ್ದು ನನ್ನ ಪಾಲಿಗೆ ಪರದೇಶ ಪ್ರವಾಸವೇ. ನಗುವವರು ನಗಬಹುದು.

ಗದಗ

ನನ್ನ ಅಕ್ಕ ಶಾಂತಾ ಮದುವೆಯಾಗಿ ಹೈದರಾಬಾದಿಗೆ ಹೋಗಿ ನಲವತ್ತು ವರ್ಷವಾಯಿತು. ಶಿವಾನಂದ ಭಾವ ಅಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಇದ್ದರು. ಅಕ್ಕ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತಳಾದಳು. ಮಕ್ಕಳಿಲ್ಲ. ತವರು ಅಂತ ಉಳಿದದ್ದು ನಾನೊಬ್ಬನೇ. ಮೂರು ವರ್ಷದ ಹಿಂದೆ ಭಾವನಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಎರಡೂವರೆ ವರ್ಷ ಹಾಸಿಗೆಯಲ್ಲಿದ್ದರು. ದಿನಾ ಬೆಳಿಗ್ಗೆ ಒಂದು ತಾಸು ಅವರನ್ನು ನೋಡಿಕೊಳ್ಳಲು ಒಬ್ಬ ನರ್ಸಮ್ಮ ಬರುತ್ತಿದ್ದಳು. ಆ ಒಂದು ತಾಸಿನಲ್ಲಿ ಅಕ್ಕ ವಾಕಿಂಗಿಗೆ ಹೋಗುತ್ತಿದ್ದಳು. ಹೋದಲ್ಲಿ ಫೋನಿನಿಂದ ಒಂದೇ ಒಂದು ಫೋಟೊ ತೆಗೆದು, ಮನೆಗೆ ಬಂದು ಭಾವನಿಗೆ ತೋರಿಸಿ, ಕೆಳಗೆ ಎರಡು ಸಾಲು ಬರೆದು ನನಗೂ ಕಳಿಸುತ್ತಿದ್ದಳು. ಎರಡೂವರೆ ವರ್ಷ, ಒಂದು ದಿನವೂ ತಪ್ಪಿಸಲಿಲ್ಲ.

ಆರು ತಿಂಗಳ ಹಿಂದೆ ಭಾವ ಹೋದರು. ನಾನು ಬಸ್ಸಿನಲ್ಲಿ ಹೋಗಿ, ಮಣ್ಣು ಕೊಟ್ಟು, ಅಂದೇ ತಿರುಗಿ ಬಂದೆ. ಅದಾಗಿ ಎರಡು ತಿಂಗಳಿಗೆ ಅಕ್ಕನ ಫೋನು ಬಸ್ಸಿನಲ್ಲಿ ಕಳುವಾಯಿತು. ಫೋಟೊಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇಟ್ಟಿರಲಿಲ್ಲ. ಹೊಸ ಫೋನು ತಗೊಂಡು ನನಗೆ ಕರೆ ಮಾಡಿದಳು.

"ಈರಾ, ಫೋಟೊ ಎಲ್ಲಾ ಹೋದುವು ಅಂತ ಒಂದ್ ದಿನಾ ಕುಂತು ಅತ್ತೆ. ಆಮ್ಯಾಲೆ ನೆನಪಾತು ನೋಡು, ನಿನ್ನ ಕಡೆ ಅದಾವಲ್ಲ. ನಿಮ್ಮ ಭಾವ ದಿನಾ ನೋಡಿದ ಫೋಟೊ ಅವು. ಛಲೋತ್ನ್ಯಾಗ ಪ್ರಿಂಟ್ ಹಾಕಿ ತಗೊಂಡ್ ಬಾ. ನಾ ಆಲ್ಬಮ್ ತಂದಿಟ್ಟೀನಿ."

"ತರತೀನಕ್ಕಾ" ಎಂದೆ.

ತರಲು ನನ್ನ ಹತ್ತಿರ ಏನೂ ಇರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಫೋನಿನ ಫೋಟೊ ಕಂಡರೆ ನನಗೆ ಮೈ ಉರಿಯುತ್ತಿತ್ತು. ನನ್ನ ಸ್ಟುಡಿಯೋ ನುಂಗಿದ್ದೇ ಅವು. ಬಾಣಂತಿಯರು, ಹಸುಗೂಸುಗಳು, ಹತ್ತನೇ ತರಗತಿಯ ಹಾಲ್ ಟಿಕೆಟ್ಟುಗಳು ಒಂದೊಂದಾಗಿ ನನ್ನ ಅಂಗಡಿ ಬಿಟ್ಟು ಫೋನಿಗೆ ಹೋದವು. ಅಕ್ಕ ಮೊದಲ ಮೂರು ಫೋಟೊ ಕಳಿಸಿದಾಗ ನಾನು ಮಾಸ್ತರನಾಗಿದ್ದೆ. ಒಂದಕ್ಕೆ "ಫೋಟೊ ವಾರೆ ಬಂದೈತಿ", ಇನ್ನೊಂದಕ್ಕೆ "ಬೆಳಕಿಗೆ ಎದುರು ನಿಂತು ತೆಗೀಬಾರದು", ಮೂರನೆಯದಕ್ಕೆ "ಕೈ ಅಳ್ಳಾಡೈತಿ" ಅಂತ ಬರೆದೆ. "ಆತು ಮಾಸ್ತರ" ಅಂತ ಉತ್ತರ ಬಂತು. ಅದಾದ ಮೇಲೆ ನಾನು ಒಂದನ್ನೂ ತೆರೆಯಲಿಲ್ಲ. ಅವು ತಾವಾಗಿ ಫೋನಿಗೆ ಇಳಿಯುವುದನ್ನೂ ನಿಲ್ಲಿಸಿದ್ದೆ, ಜಾಗ ತುಂಬುತ್ತದೆಂದು. ಬೆಳಿಗ್ಗೆ ಚಹಾ ಕುಡಿಯುತ್ತ ಅವಳ ಹೆಸರು ಕಂಡ ಕೂಡಲೇ ಕೈಮುಗಿದ ಚಿತ್ರವೊಂದನ್ನು ಒತ್ತಿ ಮುಂದೆ ಹೋಗುತ್ತಿದ್ದೆ. ಅಕ್ಕ ಹಿರಿಯಳು, ಉತ್ತರ ಕೊಡದೆ ಇದ್ದರೆ ತಪ್ಪಾಗುತ್ತದಲ್ಲ, ಅದಕ್ಕೆ.

ಈಗ ಹಿಂದಕ್ಕೆ ಹೋಗಿ ನೋಡಿದರೆ ಸಾಲಾಗಿ ಮಸಕು ಚೌಕಗಳು. ಒತ್ತಿದರೆ, ಈ ಚಿತ್ರ ಈಗ ಸಿಗುವುದಿಲ್ಲ, ಕಳಿಸಿದವರಿಗೆ ಮತ್ತೊಮ್ಮೆ ಕಳಿಸಲು ಹೇಳಿ ಎಂದು ಬರುತ್ತಿತ್ತು. ಒಂಬೈನೂರರ ಹತ್ತಿರ ಇದ್ದವು ಅಂಥ ಚೌಕಗಳು. ಕೆಳಗೆ ಅವಳು ಬರೆದ ಸಾಲುಗಳಷ್ಟೇ ಉಳಿದಿದ್ದವು. ನಾನು ಮೊದಲ ಮೂರು ಫೋಟೊಗಳನ್ನು ಪ್ರಿಂಟ್ ಹಾಕಿ, ನನ್ನ ಹಳೆಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದೆ. ಎದುರಿಗೆ ಕೂತು ಹೇಳಿದರಾಯಿತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ನಾಂಪಲ್ಲಿ

ನಾಂಪಲ್ಲಿಯಲ್ಲಿ ಇಳಿದು ಹೊರಗೆ ಬಂದರೆ ಬೋರ್ಡುಗಳೆಲ್ಲ ಕನ್ನಡದ ಹಾಗೇ. ಜೋರಾಗಿ ಓದಿಕೊಂಡು ಹೋದೆ. ಓದಿದ್ದೊಂದೂ ಅರ್ಥವಾಗಲಿಲ್ಲ. ದೂರದಿಂದ ಪರಿಚಯದವರಂತೆ ಕಂಡು, ಹತ್ತಿರ ಹೋದಾಗ ಬೇರೆ ಯಾರೋ ಆಗಿಬಿಡುವವರ ಹಾಗೆ ಅನ್ನಿಸಿತು.

ಗದಗಿನಲ್ಲಿ ಆಟೋದವನಿಗೆ ಮನೆತನದ ಹೆಸರು ಹೇಳಿದರೆ ಸಾಕು, ಬಾಗಿಲಿಗೆ ತಂದು ಇಳಿಸಿ ಒಳಗಿನವರ ಆರೋಗ್ಯ ವಿಚಾರಿಸಿ ಹೋಗುತ್ತಾನೆ. ಇಲ್ಲಿಯವನು ನಾರಾಯಣಗೂಡದಲ್ಲಿ ಎಲ್ಲಿ, ಮೆಟ್ರೋ ಕಂಬದ ನಂಬರು ಎಷ್ಟು ಅಂತ ಕೇಳಿದ. ನಾನು ಕಾರ್ಖಾನೆಯ ಶಿವಾನಂದ ಅವರು, ಶಾಂತಾ ಟೀಚರ್ ಅಂತೆಲ್ಲ ಹೇಳಿದೆ. "ಲೈಟ್ ತೀಸ್ಕೋ ಅಂಕಲ್" ಎಂದು ನಕ್ಕ. ಹಗುರವಾಗಿ ತಗೊಳ್ಳಿ ಅಂತ ಅರ್ಥವಂತೆ. ಅರ್ಧ ಊರೇ ಆ ಮಾತಿನ ಮೇಲೆ ನಡೆಯುತ್ತದೆಂದು ಆಮೇಲೆ ತಿಳಿಯಿತು. ಕೊನೆಗೆ ಮೂರು ಕೋಚಿಂಗ್ ಸೆಂಟರುಗಳ ಸುತ್ತ ಎರಡು ಸಲ ತಿರುಗಿಸಿ, ಅಕ್ಕ ತಾನಾಗಿ ರಸ್ತೆಗೆ ಬಂದು ಕೈ ಮಾಡಿದ ಮೇಲೆ ಇಳಿಸಿದ.

ಅಕ್ಕ ಸೊರಗಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಒಳಗೆ ಕಿಟಕಿಯ ಪಕ್ಕ ಭಾವನ ಮಂಚವಿದ್ದ ಜಾಗ ಖಾಲಿ, ನೆಲದ ಮೇಲೆ ಮಂಚದ ಕಾಲುಗಳ ನಾಲ್ಕು ಗುರುತು. ನೀರು ಕೊಟ್ಟು, ಮುಖ ತೊಳೆಯುವುದರೊಳಗೆ ಆಲ್ಬಮ್ ತಂದು ಎದುರಿಗಿಟ್ಟಳು. ಕಪ್ಪು ಹಾಳೆಯದು, ಮೂಲೆ ಸಿಕ್ಕಿಸಿ ಅಂಟಿಸುವಂಥದು. ಈಗ ಅಂಥದು ಎಲ್ಲಿಯೂ ಸಿಗುವುದಿಲ್ಲ. ಅವಳು ನಾಲ್ಕು ಅಂಗಡಿ ಹುಡುಕಿ ತಂದಿದ್ದಳಂತೆ.

"ಎಲ್ಲದಾವು, ತಗಿ" ಎಂದಳು.

ಮೂರು ಪ್ರಿಂಟು ಕೊಟ್ಟೆ. ನಲ್ಲಿಯ ಮೇಲೆ ಕೂತ ಕಾಗೆ, ರಸ್ತೆಯ ಮೇಲೆ ಬಿದ್ದ ಗಿಡದ ನೆರಳು, ಚಹಾದಂಗಡಿಯ ನಾಯಿ. ಅವಳು ಒಂದೊಂದನ್ನೂ ಸೆರಗಿನಿಂದ ಒರೆಸಿ ನೋಡಿದಳು. ಕಣ್ಣು ತುಂಬಿಕೊಂಡಳು.

"ಉಳಿದವು?"

"ಇಲ್ಲಿಯ ಲ್ಯಾಬಿನ್ಯಾಗ ಅದಾವಕ್ಕಾ. ಭಾಳ ಇದ್ದುವಲ್ಲ, ತಡಾ ಆಕ್ಕೈತಿ."

ಬಾಯಿಗೆ ಅದು ಅಷ್ಟು ಸಲೀಸಾಗಿ ಬಂತು. ಮೂವತ್ನಾಲ್ಕು ವರ್ಷ ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆ ಪಳಗಿತ್ತು.

ಇಂದಿರಾ ಪಾರ್ಕ್

ಮರುದಿನ ಬೆಳಿಗ್ಗೆ ನನ್ನನ್ನು ವಾಕಿಂಗಿಗೆ ಎಬ್ಬಿಸಿಕೊಂಡು ಹೋದಳು. ನಮ್ಮೂರಲ್ಲಿ ಡಾಕ್ಟರು ಹೆದರಿಸಿದ ಮೇಲೆ ಜನ ವಾಕಿಂಗಿಗೆ ಹೊರಡುತ್ತಾರೆ, ಎದುರಿಗೆ ಪರಿಚಯದವರು ಸಿಕ್ಕರೆ ಅಲ್ಲಿಗೇ ಮುಗಿಸುತ್ತಾರೆ. ಇಲ್ಲಿ ಹಾಗಲ್ಲ. ಒಂದು ಗುಂಪು ಕೈ ಮೇಲೆತ್ತಿ ಹಹ್ಹಹ್ಹ ಎಂದು ಸುಮ್ಮಸುಮ್ಮನೆ ನಗುತ್ತದೆ, ಇನ್ನೊಂದು ಹಿಂದುಹಿಂದಕ್ಕೆ ನಡೆಯುತ್ತದೆ. ಹಿಂದಕ್ಕೆ ನಡೆಯುವ ಹೆಂಗಸೊಬ್ಬರು ಬಂದು ನನ್ನ ಕ್ಯಾಮೆರಾಕ್ಕೇ ಡಿಕ್ಕಿ ಹೊಡೆದರು. ಕ್ಷಮೆ ಕೇಳಿದ್ದೂ ಹಿಂದಕ್ಕೆ ನಡೆಯುತ್ತಲೇ.

ಅಲ್ಲಿ ಅಕ್ಕನ ವಾಕಿಂಗ್ ಜೊತೆಗಾರರು ಸಿಕ್ಕರು, ರಹೀಂ ಸಾಹೇಬರು. ಎಪ್ಪತ್ತು ದಾಟಿದವರು, ಮೂಲ ಬೀದರಿನವರು, ಭಾನುವಾರ ಅಬಿಡ್ಸ್ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಾರೆ. ನನ್ನ ಕೈ ಹಿಡಿದು ಬಿಡಲೇ ಇಲ್ಲ.

"ನೀವೇ ಏನ್ರಿ ಈರಣ್ಣೋರು? ನಿಮ್ಮ ಅಕ್ಕೋರು ಭಾಳ ಹೇಳ್ತಾರ್ರಿ ನಿಮ್ಮ ಬಗ್ಗೆ. ನಮ್ಮ ತಮ್ಮ ದೊಡ್ಡ ಫೋಟೊಗ್ರಾಫರ್, ಆದ್ರೂ ನಾ ತೆಗೆದ ಹುಚ್ಚ ಫೋಟೊಕ್ಕ ದಿನಾ ಕೈ ಮುಗೀತಾನ ಅಂತ."

ಅಕ್ಕ ಮುಂದೆ ಹೋಗುತ್ತಿದ್ದಳು. ನಾನು ಕೈ ಬಿಡಿಸಿಕೊಂಡು ಅವಳ ಹಿಂದೆ ಹೊರಟೆ.

ಅವಳು ನಡೆಯುವ ರೀತಿ ನೋಡಿ ನನಗೆ ಮೊದಲು ನಗು ಬಂತು. ಅರಳಿದ ತಾವರೆ ಕೊಳದಲ್ಲಿತ್ತು, ಅತ್ತ ತಿರುಗಿಯೂ ನೋಡಲಿಲ್ಲ. ಬಂಡೆಗಳ ಮೇಲೆ ಬಂಗಾರದ ಬಿಸಿಲು ಬಿದ್ದಿತ್ತು, ಫೋನು ಚೀಲದಿಂದ ಹೊರಗೇ ಬರಲಿಲ್ಲ. ವಾಕಿಂಗ್ ಮುಗಿದು ಗೇಟಿಗೆ ಬಂದ ಮೇಲೆ ನಿಂತು ಯೋಚನೆ ಮಾಡಿದಳು. ಮತ್ತೆ ಹಿಂದಕ್ಕೆ ಹೋಗಿ, ಮೆಟ್ಟಿಲ ಪಕ್ಕದ ಕಬ್ಬಿಣದ ಸರಳಿನದೊಂದು ಫೋಟೊ ತೆಗೆದುಕೊಂಡು ಬಂದಳು.

"ಇದೇನಕ್ಕಾ?"

"ಇಳಿವಾಗ ಮೊಣಕಾಲು ಹಿಡೀತು. ಇದನ್ನ ಹಿಡಕೊಂಡು ಇಳಿದೆ."

ಆಗ ಅವಳ ಪದ್ಧತಿ ತಿಳಿಯಿತು. ಬೆಳಗಿನ ಆ ಒಂದು ತಾಸಿನಲ್ಲಿ ತನಗೆ ಯಾರ ಉಪಕಾರ ಆಯಿತೋ ಅದರದ್ದೊಂದು ಫೋಟೊ. ಭಾವ ಹೋದ ಮೇಲೆ ನನಗೆ ಕಳಿಸುವುದು ನಿಂತಿತ್ತು, ತೆಗೆಯುವುದನ್ನು ಅವಳು ಬಿಟ್ಟಿರಲಿಲ್ಲ. ಚಂದದ್ದು ಬೇಕಾಗಿಲ್ಲ. ಕಲ್ಲಾದರೂ ಸರಿ, ನಾಯಿಯಾದರೂ ಸರಿ, ನೀರು ಬಂದ ನಲ್ಲಿಯಾದರೂ ಸರಿ. ಮನೆಗೆ ಹೋದ ಕೂಡಲೇ ಭಾವ ಸೊಟ್ಟ ಬಾಯಿಯಲ್ಲಿ, "ಇವತ್ತ ಯಾರ ಉಪಕಾರ?" ಎಂದು ಕೇಳುತ್ತಿದ್ದರಂತೆ. ಅವಳು ತೋರಿಸುತ್ತಿದ್ದಳಂತೆ. ಹಾಸಿಗೆ ಹಿಡಿದ ಗಂಡ, ನಿದ್ದೆಗೆಟ್ಟ ಹೆಂಡತಿ, ಇಬ್ಬರೂ ಸೇರಿ ದಿನಕ್ಕೊಂದು ಉಪಕಾರ ಹುಡುಕಿಕೊಂಡು ಎರಡೂವರೆ ವರ್ಷ ಕಳೆದಿದ್ದರು. ನಮ್ಮ ಮನೆಗಳಲ್ಲಿ ನಮ್ಮವರಿಗೆ ನಾವು ಉಪಕಾರವಾಯಿತು ಅನ್ನುವುದಿಲ್ಲ, ಅಂದರೆ ಅವರನ್ನು ಹೊರಗಿನವರನ್ನಾಗಿ ಮಾಡಿದಂತೆ. ಅಕ್ಕ ಆ ಮಾತನ್ನು ಕಲ್ಲಿಗೆ, ಸರಳಿಗೆ, ಕಾಗೆಗೆ ಹೇಳುತ್ತ ಬಂದಿದ್ದಳು.

ಆವತ್ತು ಬಚ್ಚಲಿಗೆ ಹೋಗುವ ನೆವದಲ್ಲಿ ಬಾಗಿಲು ಹಾಕಿಕೊಂಡು ಅವಳ ಸಾಲುಗಳನ್ನು ಓದಿದೆ. ಮೊದಲ ಸಲ.

"ಈ ಬೆಂಚು. ಹತ್ತು ಮಿನಿಟು ಅಳಾಕ ಜಾಗಾ ಕೊಡ್ತು."

"ಬೇವಿನ ಗಿಡಾ ಹೂ ಬಿಟ್ಟೈತಿ. ಇವರಿಗೆ ವಾಸನಿ ತಿಳೀತು. ತಾವಽ ಹೇಳಿದ್ರು."

"ಇವತ್ತ ಯಾರೂ ಉಪಕಾರ ಮಾಡಲಿಲ್ಲ. ಕಾಲಾಗಿನ ಚಪ್ಪಲಿ ಫೋಟೊ ತಗದೀನಿ ನೋಡು."

ಆಗಲೇ ಹೊರಗೆ ಬಂದು ಹೇಳಿಬಿಡಬೇಕಿತ್ತು. ಅದರ ಬದಲು ನನ್ನ ತಲೆಗೆ ಫೋಟೊಗ್ರಾಫರನಿಗೆ ಮಾತ್ರ ಹೊಳೆಯಬಹುದಾದ ಹುಚ್ಚು ಹೊಳೆಯಿತು. ಬೆಂಚು ಅಲ್ಲೇ ಇದೆ, ಬೇವು ಅಲ್ಲೇ ಇದೆ, ಸಾಲು ನನ್ನ ಹತ್ತಿರ ಇದೆ. ನಾನೇ ಹೋಗಿ ತೆಗೆದುಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತದೆ? ಅಕ್ಕನಿಗೆ ವಯಸ್ಸಾಗಿದೆ. ಒಂದು ಕಲ್ಲಿಗೂ ಇನ್ನೊಂದು ಕಲ್ಲಿಗೂ ಅವಳೇನು ಫರಕು ಮಾಡುತ್ತಾಳೆ?

ನಾಚಾರಂ

ಐದು ದಿನ ಕಳ್ಳನ ಹಾಗೆ ತಿರುಗಿದೆ. ಅಕ್ಕನಿಗೆ ಊರು ನೋಡಿ ಬರುತ್ತೇನೆಂದು ಹೇಳಿ, ಅವಳ ಸಾಲುಗಳನ್ನು ಓದಿಕೊಂಡು ಅವಳ ಫೋಟೊ ತೆಗೆಯುವುದು. ಊರೇನೂ ಸುಲಭವಾಗಿ ಸಿಗಲಿಲ್ಲ. "ಮೂಲಿ ಗುಲ್‌ಮೊಹರ್" ಎಂದು ಬರೆದಿದ್ದ ಮೂಲೆಯಲ್ಲಿ ಗಿಡವಿರಲಿಲ್ಲ, ಕೋಚಿಂಗ್ ಸೆಂಟರಿನ ಜನರೇಟರ್ ಇತ್ತು. ಬೇವು ಸಿಕ್ಕಿತು, ಹೂವಿನ ಕಾಲವಲ್ಲ. ಅದನ್ನು ಕೆಳಗಿನಿಂದ ತೆಗೆದು ಎಲೆಗಳನ್ನೇ ತುಂಬಿಸಿದೆ. ನನ್ನ ಕಸುಬಿನಲ್ಲಿ ಬಾಡಿಗೆ ಕೋಟು ತೊಡಿಸಿ ಎಷ್ಟೋ ಜನರನ್ನು ಮದುಮಕ್ಕಳನ್ನಾಗಿ ಮಾಡಿದ್ದೇನೆ.

ಊರಿಗೆ ಬಂದ ಆರನೆಯ ದಿನ ನಾಚಾರಂ ಕಡೆಯ ಕೆರೆಗೆ ಹೋದೆ. ವಾರಕ್ಕೊಮ್ಮೆ ಅಕ್ಕ ಭಾವನನ್ನು ಆಟೋದಲ್ಲಿ ಅಲ್ಲಿನ ಆಸ್ಪತ್ರೆಯೊಂದಕ್ಕೆ ಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಒಳಗೆ ಅವರ ಕಾಲು ಎತ್ತಿ ಇಳಿಸುವಷ್ಟು ಹೊತ್ತು ಅವಳು ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದಳು. ಸುತ್ತ ಸಣ್ಣ ಸಣ್ಣ ಕಾರ್ಖಾನೆಗಳು, ಲೇತ್ ಯಂತ್ರಗಳ ಕೊರೆತ, ಟಿಫಿನ್ ಡಬ್ಬಿ ಹಿಡಿದು ಒಳಗೆ ಹೋಗುವ ಜನ. ಅದರ ನಡುವೆ ಆ ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಕಾರ್ಖಾನೆಯ ಸೈರನ್ ಕೂಗಿದರೂ ಹಾರುವುದಿಲ್ಲ, ಅವಕ್ಕೂ ಲೈಟ್ ತೀಸ್ಕೋ.

"ಬೆಳ್ಳಕ್ಕಿ ಒಂಟಿಗಾಲ ಮ್ಯಾಲೆ ನಿಂತೈತಿ. ನನಗೂ ಒಂದ ಕಾಲೈತಿ, ಅದಕ್ಕೇನ ಹೆಚ್ಚಿಂದು ಅಂದ್ರು ಇವರು. ಭಾಳ ನಕ್ಕೆವು."

ಆ ಬೆಳ್ಳಕ್ಕಿಗಾಗಿ ಕಾದೆ. ಹತ್ತಿರ ಹೋಗಲು ಕಾಲು ಮುಂದಿಟ್ಟದ್ದೇ ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದೆ. ಕ್ಯಾಮೆರಾ ಮೇಲೆತ್ತಿಕೊಂಡು ಗಣಪತಿ ಬಿಡಲು ಬಂದವನ ಹಾಗೆ ನಿಂತಿದ್ದೆ. ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ತೆಲುಗಿನಲ್ಲಿ ಬೈಯುತ್ತ ಬಂದು, ಕೈ ಕೊಟ್ಟು ಎಳೆದು, ತಮ್ಮ ಕುಡಿಯುವ ನೀರಿನ ಬಾಟಲಿಯನ್ನು ನನ್ನ ಕಾಲಿನ ಮೇಲೆ ಪೂರ್ತಿ ಸುರಿದರು. ಬಿಸಿಲಿನ ದಿನ, ಸಂಜೆಯವರೆಗೆ ಅವರಿಗೆ ಕುಡಿಯಲು ಅಷ್ಟೇ ಇತ್ತೋ ಏನೋ. ಖಾಲಿ ಬಾಟಲಿ ನನ್ನ ಕೈಗೆ ಕೊಟ್ಟು, ಸೈರನ್ ಕೂಗಿತೆಂದು ಓಡಿದರು. ಕಲ್ಲಿನ ಮೇಲೆ ಬಾಟಲಿ ಇಟ್ಟು ಅದರದ್ದೊಂದು ಫೋಟೊ ತೆಗೆದೆ. ಕೈ ಇನ್ನೂ ನಡುಗುತ್ತಿತ್ತು.

ಕಾಲು ಒಣಗಲೆಂದು ಅಲ್ಲೇ ಕೂತು ಫೋನಿನಲ್ಲಿ ಮುಂದಕ್ಕೆ ಓದಿದೆ. ಹೋದ ವರ್ಷದ ಮಳೆಗಾಲದ ಒಂದು ಬೆಳಿಗ್ಗೆ. ಮಸಕು ಚೌಕ. ಕೆಳಗೆ ಹೀಗಿತ್ತು:

"ಇವತ್ತ ಇವರಿಗೆ ನನ್ನ ಗುರ್ತ ಹತ್ತಲಿಲ್ಲ. ಯಾರವ್ವಾ ನೀ ಅಂದ್ರು. ನನಗ ಒಬ್ಬಾಕಿಗೆ ಆಗವಲ್ದು ಈರಾ. ನೀ ಒಂದ್ ಸಲ ಬಂದು ಹೋಗು."

ಅದರ ಕೆಳಗೆ ನನ್ನ ಉತ್ತರ. ಕೈಮುಗಿದ ಚಿತ್ರ. ಎರಡು ನಿಮಿಷದೊಳಗೆ ಕಳಿಸಿದ್ದೆ.

ಆ ದಿನಗಳಲ್ಲಿ ಅವಳ ಜೊತೆ ಫೋನಿನಲ್ಲಿ ಮಾತಾಡಿದ್ದು ನೆನಪಿದೆ. ಸ್ಟುಡಿಯೋ ಮುಚ್ಚುವ ಗೋಳನ್ನೇ ಹೇಳುತ್ತಿದ್ದೆ. ಅವಳು ಹೂಂಗುಟ್ಟುತ್ತಿದ್ದಳು. ಎರಡನೆಯ ಸಲ ಬಾ ಅನ್ನಲಿಲ್ಲ. ಕೆರೆಯ ದಂಡೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಎಂದೂ ಹುಟ್ಟಿರಲಿಲ್ಲ.

ಆದರೂ, ಹೇಳಲು ನಾಚಿಕೆಯಾಗುತ್ತದೆ, ಆ ದಿನವೂ ನಾನು ಫೋಟೊಗಳನ್ನು ಲ್ಯಾಬಿಗೆ ಕೊಟ್ಟೇ ಮನೆಗೆ ಹೋದೆ.

ಅಬಿಡ್ಸ್, ಭಾನುವಾರ

ಭಾನುವಾರ ಅಬಿಡ್ಸಿನಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಅವುಗಳ ಮುಂದೆ ಪುಸ್ತಕದವರು ತಾಡಪತ್ರಿ ಹಾಸಿ ಕೂರುತ್ತಾರೆ. ನಮ್ಮೂರ ಸಂತೆಯಲ್ಲಿ ಉಳ್ಳಾಗಡ್ಡಿ ರಾಶಿ ಹಾಕಿದ ಹಾಗೆ ಪುಸ್ತಕದ ರಾಶಿ. ಜನ ಕುಕ್ಕರಗಾಲಲ್ಲಿ ಕೂತು ಆರಿಸುತ್ತಾರೆ. ಯಾರೋ ಮಾವಿನಕಾಯಿ ಒತ್ತಿ ನೋಡುವಂತೆ ಡಿಕ್ಷನರಿ ಒತ್ತಿ ನೋಡುತ್ತಿದ್ದರು.

ರಹೀಂ ಸಾಹೇಬರು ಪುಸ್ತಕಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಚಹಾ ತರಿಸಿದರು. ಬಸಿಯಲ್ಲಿ ಸುರಿದು ಊದಿ ಕುಡಿಯುತ್ತ ಹೇಳಿದರು:

"ಪರಸೋಂ ನಿಮ್ಮ ಅಕ್ಕೋರು ನನ್ನ ಫೋಟೊ ತಗದಿದ್ರು ರಿ. ಮಳಿ ಬಂದಿತ್ತು, ನನ್ನ ಛತ್ರಿ ಕೊಟ್ಟಿದ್ದೆ. ಛತ್ರಿದ ಮಾತ್ರ ತಗದ್ರು, ನನ್ನ ಮಾರಿ ತಗೀಲಿಲ್ಲ. ಅದೂ ನಿಮ್ಮ ಕಡೆ ಐತಿ ಅಲ್ಲೇನ್ರಿ?"

ಪರಸೋಂ ಅಂದರೆ ಮೊನ್ನೆ. ಆದರೆ ಈ ಊರಲ್ಲಿ ಹೋದ ವಾರವೂ ಪರಸೋಂ, ಹತ್ತು ವರ್ಷದ ಹಿಂದಿನದೂ ಪರಸೋಂ. ಆ ಛತ್ರಿಯ ಸಾಲು ನಾನು ಓದಿದ್ದೆ. ಎರಡು ವರ್ಷ ಆಗಿತ್ತು.

"ಐತ್ರಿ" ಎಂದೆ.

"ಮತ್ತ ಅದರ ಒಂದ್ ಪ್ರಿಂಟ್ ನನಗೂ ಕೊಡ್ರಿ. ನಮ್ಮ ಮನ್ಯಾಗ ಯಾರೂ ನಂಬೂದಿಲ್ಲ, ನನ್ನ ಛತ್ರಿಗೂ ಶುಕ್ರಿಯಾ ಹೇಳ್ಯಾರ ಅಂತ."

ಹೂಂ ಎಂದು ಎದ್ದೆ. ಓಣಿಯ ಒಳಗೆ ಅರ್ಧ ಶಟರ್ ಎತ್ತಿ ಕೂತಿದ್ದ ಲ್ಯಾಬಿನಿಂದ ನಲವತ್ತು ಪ್ರಿಂಟುಗಳ ಕವರು ತೆಗೆದುಕೊಂಡೆ. ಒಂದೊಂದೂ ಚೆನ್ನಾಗಿ ಬಂದಿತ್ತು. ಅಷ್ಟು ಚೆನ್ನಾಗಿ ನಾನು ಹತ್ತು ವರ್ಷದಿಂದ ತೆಗೆದಿರಲಿಲ್ಲ.

ಮತ್ತೆ ನಾರಾಯಣಗೂಡ

ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕವರು ನೋಡಿ ಕೈ ತೊಳೆದುಕೊಂಡು ಬಂದಳು. ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತು, ಆಲ್ಬಮ್ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ತೆಗೆದು ನೋಡತೊಡಗಿದಳು. ಮೊದಮೊದಲು ಮುಖದಲ್ಲಿ ನಗು ಇತ್ತು. ಐದಾರು ಆದ ಮೇಲೆ ನಗು ನಿಂತಿತು. ಆದರೂ ನಲವತ್ತನ್ನೂ ನೋಡಿ ಮುಗಿಸಿದಳು. ಆಮೇಲೆ ಬೆಂಚಿನ ಫೋಟೊ ಎತ್ತಿ ನನ್ನ ಮುಂದೆ ಇಟ್ಟಳು.

"ಈ ಬೆಂಚಿಗೆ ಹಸರು ಬಣ್ಣಾ ಹಚ್ಚಿದ್ದು ಇವರು ಹೋದ ಮ್ಯಾಲೆ, ಈರಾ."

"ನನ್ನ ಕೈ ಆವಾಗ ನಡಗತಿತ್ತು. ಒಂದು ಫೋಟೊ ನೆಟ್ಟಗ ಬರತಿದ್ದಿಲ್ಲ. ಇವು ಒಂದೂ ಅಳ್ಳಾಡಿಲ್ಲ."

ಮತ್ತೆ ಹುಡುಕಿ ಇನ್ನೊಂದನ್ನು ಎತ್ತಿಕೊಂಡಳು. ಕಲ್ಲಿನ ಮೇಲಿನ ಖಾಲಿ ಬಾಟಲಿ.

"ಇದೊಂದ ಅಳ್ಳಾಡೈತಿ. ಇದು ಯಾರದು?"

"ನಂದು" ಎಂದೆ. ಅಲ್ಲಿಂದ ಶುರುವಾಗಿ ಎಲ್ಲ ಹೇಳಿದೆ. ಮೊದಲ ಮೂರು ಬಿಟ್ಟರೆ ಒಂದನ್ನೂ ತೆರೆಯಲಿಲ್ಲ ಎಂಬುದನ್ನು, ತೆರೆಯದೆ ಕೈ ಮುಗಿಯುತ್ತಿದ್ದೆ ಎಂಬುದನ್ನು, ಬೇರೆ ಫೋಟೊ ಒಂದೂ ಉಳಿದಿಲ್ಲ, ನಿನ್ನ ಅಕ್ಷರ ಮಾತ್ರ ಉಳಿದಿದೆ ಎಂಬುದನ್ನು. ಹೇಳುವಾಗ ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಕೊನೆಗೆ ಅವಳೇ ಎದ್ದು ಹೋಗಿ ಒಲೆ ಆರಿಸಿ ಬಂದಳು.

"ಓದು" ಎಂದಳು.

"ಏನು?"

"ನಾ ಬರದಿದ್ದು. ಮೊದಲಿಂದ ಓದು."

ಓದಿದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಕೆಲವಕ್ಕೆ ತುಟಿ ಅಲುಗಿತು. ಚಪ್ಪಲಿಯ ಸಾಲಿಗೆ ಸಣ್ಣಗೆ ನಕ್ಕಳು. ಬೆಳ್ಳಕ್ಕಿಯ ಸಾಲಿಗೆ, "ಎಡಗಾಲು ಎತ್ತಿ ತೋರಿಸಿದ್ರು ಆವತ್ತು" ಎಂದಳು. ಓದುತ್ತ ಓದುತ್ತ ಮಳೆಗಾಲದ ಆ ಬೆಳಿಗ್ಗೆ ಹತ್ತಿರ ಬರುತ್ತಿತ್ತು. ನನಗೆ ಅದು ಎಲ್ಲಿದೆಯೆಂದು ಗೊತ್ತಿತ್ತು. ಬೆರಳು ಒಂದಿಷ್ಟು ಜೋರಾಗಿ ಸರಿಸಿದರೆ ದಾಟಿ ಹೋಗುತ್ತಿತ್ತು, ಅವಳು ಕಣ್ಣು ಮುಚ್ಚಿದ್ದಳು. ಅಷ್ಟು ಯೋಚನೆಯಂತೂ ಬಂತು. ಆದರೆ ನಾನು ಅದನ್ನೂ ಓದಿದೆ.

ಅವಳು ಕಣ್ಣು ತೆರೆಯಲಿಲ್ಲ.

"ನಿನ್ನ ಉತ್ತರಾ ನೋಡಿ ನೀ ಓದಿದಿ, ಬರತಿ ಅಂತ ತಿಳದೆ. ನಿಮ್ಮ ಭಾವನ ಮಂಚದ ಬಾಜೂಕ ನಿನಗ ಹಾಸಿಗಿ ಹಾಕಿಸಿದೆ. ಎಂಟು ದಿನಾ ಮಡಚಲಿಲ್ಲ. ಇವರಿಗೆ ನನ್ನ ಗುರ್ತ ಇರಲಿಲ್ಲ, ಆದ್ರ ಈರಾ ಬಂದ ಏನು ಅಂತ ದಿನಾ ಕೇಳತಿದ್ರು. ನಿನ್ನ ಹೆಸರು ಹ್ಯಾಂಗ ಉಳಿದಿತ್ತೋ."

ನಾನು ಅತ್ತೆ. ಅರವತ್ತರ ಗಂಡಸು ರೊಟ್ಟಿ ಹಿಟ್ಟಿನ ಮರಿಗೆಯ ಪಕ್ಕ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ತಪ್ಪಾಯಿತಕ್ಕಾ ಎಂದದ್ದಕ್ಕೆ ಹೂಂ ಎಂದಳು, ಅಷ್ಟೇ.

"ಮುಂದ ಓದು" ಎಂದಳು.

ಎರಡು ದಿನ ಓದಿದೆ. ಓದಿದ್ದನ್ನು ಅವಳು ಕಪ್ಪು ಹಾಳೆಯ ಮೇಲೆ ಬಿಳಿ ಪೆನ್ಸಿಲ್ಲಿನಿಂದ ಬರೆದುಕೊಂಡಳು. ಮೇಲೆ ಫೋಟೊದಷ್ಟು ಜಾಗ ಖಾಲಿ ಬಿಟ್ಟು ಕೆಳಗೆ ಎರಡು ಸಾಲು, ಟೀಚರಮ್ಮನ ದುಂಡು ಅಕ್ಷರ. ಎಲ್ಲ ಸಾಲುಗಳಿಗೂ ಜಾಗ ಸಾಲಲಿಲ್ಲ, ಆಲ್ಬಮ್ಮು ಮೊದಲೇ ಮುಗಿಯಿತು. ನಾನು ತೆಗೆದ ನಲವತ್ತರಲ್ಲಿ ಒಂದನ್ನೂ ಅಂಟಿಸಲಿಲ್ಲ. ಬಾಟಲಿಯದನ್ನು ಮಾತ್ರ, "ಇದು ನಿನ್ನದು, ಇಟ್ಟಕೋ" ಎಂದು ನನ್ನ ಚೀಲದಲ್ಲಿ ಹಾಕಿದಳು. ರಹೀಂ ಸಾಹೇಬರಿಗೆ ನಾನೇ ಹೋಗಿ ಹೇಳಿದೆ. ಅವರು ಪಾರ್ಕಿನ ಬಂಡೆಗಳನ್ನು ನೋಡುತ್ತ, "ಛತ್ರಿ ಇನ್ನೂ ಐತ್ರಿ ಮನ್ಯಾಗ" ಎಂದರು.

ಹಿಂದಿರುಗುವ ದಿನ

ಸ್ಟೇಷನ್ನಿಗೆ ಬರುವುದು ಬೇಡವೆಂದರೂ ಅಕ್ಕ ಬಂದಳು. ನಮ್ಮ ಕಡೆಯವರು ಎಷ್ಟೇ ಸಿಟ್ಟಿದ್ದರೂ ಬುತ್ತಿ ಕಟ್ಟದೆ ಕಳಿಸುವುದಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿ ತಂದಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ತೆಲುಗು, ಹಿಂದಿ, ಉರ್ದು, ನಡುನಡುವೆ ನಮ್ಮ ಕಡೆಯ ಕನ್ನಡವೂ ಕೇಳುತ್ತಿತ್ತು. ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ ಸುಡುತ್ತಿತ್ತು. ನಾನು ಬೋಗಿ ಹತ್ತಿ ಕಿಟಕಿಯ ಹತ್ತಿರ ಕೂತೆ. ಅವಳು ಕೆಳಗೆ ನಿಂತಳು. ಊಟ ಹೊತ್ತಿಗೆ ಸರಿಯಾಗಿ ಮಾಡು ಎಂದೆ. ನೀನೂ ಮಾಡು ಎಂದಳು.

ರೈಲು ಇನ್ನೇನು ಹೊರಡಬೇಕು, ಅವಳು ಚೀಲದಿಂದ ಫೋನು ತೆಗೆದಳು. ಬೆಳಿಗ್ಗೆ ನನ್ನ ಗಡಿಬಿಡಿಯಲ್ಲಿ ವಾಕಿಂಗ್ ತಪ್ಪಿತ್ತು, ಆ ದಿನದ ಫೋಟೊ ಇನ್ನೂ ಬಾಕಿ ಇತ್ತು. ಅತ್ತಿತ್ತ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಕಂಬದ ಆಚೆ ಏನನ್ನೋ ಗುರಿಯಿಟ್ಟು ತೆಗೆದುಕೊಂಡಳು. ನನಗೆ ಕಿಟಕಿಯಿಂದ ಅದು ಕಾಣಲಿಲ್ಲ.

"ಅಕ್ಕಾ, ಅದನ್ನ ನನಗ ಕಳಸು. ಈ ಸಲ ನೋಡತೀನಿ."

ಅವಳು ಫೋನನ್ನು ಚೀಲದಲ್ಲಿಟ್ಟು ಜಿಪ್ ಎಳೆದಳು.

"ಇಲ್ಲಪಾ. ಇನ್ನ ಮ್ಯಾಲೆ ಕಳಸೂದಿಲ್ಲ. ನೋಡಬೇಕಂದ್ರ ನೀನಽ ಬಾ."

ಸಿಟ್ಟಿನಿಂದ ಹೇಳಲಿಲ್ಲ. ರೈಲು ಹೊರಟಾಗ ಕೈಯೂ ಬೀಸಿದಳು. ಈಗ ಬೆಳಿಗ್ಗೆ ಚಹಾದ ಹೊತ್ತಿಗೆ ನನ್ನ ಫೋನಿನಲ್ಲಿ ಯಾರ ಹೆಸರೂ ಬರುವುದಿಲ್ಲ. ಮುಂದಿನ ತಿಂಗಳಿಗೆ ಟಿಕೇಟು ಮಾಡಿಸಿದ್ದೇನೆ, ಹೋಗುತ್ತೇನೆ. ಆದರೆ ಆ ದಿನ ನಾಂಪಲ್ಲಿಯಲ್ಲಿ ಅಕ್ಕನಿಗೆ ಯಾರ ಉಪಕಾರವಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಫೋನು ನನ್ನ ಕಡೆಗೆ ತಿರುಗಿರಲಿಲ್ಲ ಎಂಬುದಷ್ಟೇ ಗೊತ್ತು.